ಕ್ರಮವಿಧಿಯ ಹೊರಗಿಡಬೇಕಾದ ಸಂಖ್ಯೆಗಳು

ಭೌತಶಾಸ್ತ್ರದ ಯಾವುದೊಂದು ಸೂತ್ರವನ್ನು ತೆಗೆದುಕೊಂಡರೂ ಅದರಲ್ಲಿ ಎರಡು ಬಗೆಯ ಅಂಶಗಳಿರುವುದನ್ನು ಕಾಣಬಹುದು. ಲೋಲಕದ ಆವರ್ತಕಾಲವನ್ನು ತಿಳಿಸುವ ಸೂತ್ರವು ಹಂಪಿಯಲ್ಲಿಯೂ ಒಂದೇ, ಹಿಮಾಲಯದ ಶಿಖರದ ಮೇಲೆಯೂ ಒಂದೇ. ಆದರೆ ಆ ಸೂತ್ರದೊಳಗೆ ನಾವು ಇಡುವ ದಾರದ ಉದ್ದವೂ ಗುರುತ್ವ ವೇಗೋತ್ಕರ್ಷದ ಬೆಲೆಯೂ ಪ್ರಯೋಗದಿಂದ ಪ್ರಯೋಗಕ್ಕೆ, ಸ್ಥಳದಿಂದ ಸ್ಥಳಕ್ಕೆ ಬೇರೆಯಾಗುತ್ತವೆ. ಯಾವನಾದರೊಬ್ಬನು ತನ್ನ ಮೇಜಿನ ಮೇಲಿನ ದಾರದ ಉದ್ದವನ್ನೇ ಸೂತ್ರದಲ್ಲಿ ಶಾಶ್ವತವಾಗಿ ಕೆತ್ತಿಬಿಟ್ಟರೆ ಅದು ನಿಯಮವಾಗಿ ಉಳಿಯುವುದಿಲ್ಲ. ಒಂದು ದಾರದ ಚರಿತ್ರೆಯಾಗುತ್ತದೆ ಅಷ್ಟೆ.

ಗಣಕಕ್ಕೆ ಬರೆಯುವ ಕ್ರಮವಿಧಿಗೂ ಇದೇ ಮಾತು ಸಲ್ಲುತ್ತದೆ. ಕೆಲಸವನ್ನು ಮಾಡುವ ವಿಧಾನವು ಕ್ರಮವಿಧಿಯ ಒಳಗಿರತಕ್ಕದ್ದು. ಸ್ಥಳಕ್ಕೂ ಕಾಲಕ್ಕೂ ತಕ್ಕಂತೆ ಬದಲಾಗುವ ಹೆಸರುಗಳೂ ಅಂಕೆಗಳೂ ಅದರ ಹೊರಗಿರತಕ್ಕವು. ಹೀಗೆ ಹೊರಗಿಟ್ಟ ಪಟ್ಟಿಗೆ ಸಂರಚನೆ ಅಥವಾ ಕಾನ್ಫಿಗರೇಶನ್ ಎಂದು ಹೆಸರು. ಆ ಪಟ್ಟಿಯನ್ನು ಓದಿ, ಪರೀಕ್ಷಿಸಿ, ಕ್ರಮವಿಧಿಯ ಕೈಗೆ ಒಪ್ಪಿಸುವ ಭಾಗಕ್ಕೆ ಲೋಡರ್ ಎನ್ನುತ್ತಾರೆ. ಜಾಲದ ಮೂಲಕ ಜನರಿಗೆ ಸೇವೆ ಒದಗಿಸುವ ವೆಬ್ ಅನ್ವಯಗಳಲ್ಲಿ ಈ ಲೋಡರನ್ನು ನಾವೇ ಹೇಗೆ ರಚಿಸಿಕೊಳ್ಳಬಹುದೆಂಬುದನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ವಿವೇಚಿಸೋಣ.

ಹಂಪಿ ಬಜಾರಿನ ಒಂದು ಪುಟ

ವಿರೂಪಾಕ್ಷ ದೇವಾಲಯದ ಗೋಪುರದಿಂದ ಪೂರ್ವಕ್ಕೆ, ಏಕಶಿಲೆಯ ನಂದಿಯವರೆಗೆ ಚಾಚಿರುವ ವಿಶಾಲವಾದ ಬೀದಿಯೇ ಹಂಪಿ ಬಜಾರು. ಅಲ್ಲಿಗೆ ಬರುವ ಯಾತ್ರಿಕನಿಗೂ ಅಲ್ಲಿಯೇ ವಾಸಿಸುವ ರೈತನಿಗೂ ಉಪಯೋಗವಾಗುವಂಥ ಒಂದು ವೆಬ್ ಪುಟವನ್ನು ನಾವು ರಚಿಸುತ್ತೇವೆಂದು ಊಹಿಸಿಕೊಳ್ಳೋಣ. ತುಂಗಭದ್ರಾ ಜಲಾಶಯವು ಶೇಕಡಾ ಎಷ್ಟು ತುಂಬಿದೆ, ನದಿಗೆ ಎಷ್ಟು ನೀರು ಹರಿಯುತ್ತಿದೆ, ಆನೆಗೊಂದಿಯ ಕಡೆಗೆ ಹರಿಗೋಲು ಹೋಗುವುದೋ ಇಲ್ಲವೋ, ಈ ಮೂರು ವಿಷಯಗಳನ್ನು ಅದು ತಿಳಿಸಬೇಕು. ಹರಿವು ಒಂದು ಮಿತಿಯನ್ನು ಮೀರಿದರೆ ಎಚ್ಚರಿಕೆಯನ್ನೂ ಕೊಡಬೇಕು. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಹಂಪಿಯ ಪುರಂದರ ಮಂಟಪವೂ ಕಂಪ್ಲಿಯ ಸೇತುವೆಯೂ ಮುಳುಗುವುದು ಈ ಭಾಗದ ಜನರಿಗೆ ಹೊಸ ಸಂಗತಿಯೇನೂ ಅಲ್ಲ. ಆದುದರಿಂದ ಇಂಥ ಪುಟದಲ್ಲಿ ಒಂದು ಅಂಕೆ ತಪ್ಪಾದರೆ ಅದು ಬರಿಯ ಅಚ್ಚಿನ ದೋಷವಾಗಿ ಮುಗಿಯುವುದಿಲ್ಲ.

ಈ ಪುಟದ ಕ್ರಮವಿಧಿಯನ್ನು ಬರೆಯುವವನು ಮೊದಲು ಸುಲಭದ ದಾರಿಯನ್ನೇ ಹಿಡಿಯಬಹುದು. ಜಲಾಶಯದ ಸಾಮರ್ಥ್ಯ 133 ಟಿ.ಎಂ.ಸಿ. ಎಂದು ಯಾವುದೋ ಹಳೆಯ ಪುಸ್ತಕದಲ್ಲಿ ನೋಡಿ, ಆ ಅಂಕೆಯನ್ನು ಲೆಕ್ಕದ ಸಾಲಿನೊಳಗೇ ಬರೆದುಬಿಡಬಹುದು. ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. 1953ರಲ್ಲಿ ನೀರು ನಿಲ್ಲಿಸಲು ತೊಡಗಿದಾಗ ಈ ಜಲಾಶಯದ ಸಾಮರ್ಥ್ಯವು ಸುಮಾರು 133 ಟಿ.ಎಂ.ಸಿ. ಇದ್ದುದು ನಿಜ. ಆದರೆ ನದಿಯು ನೀರನ್ನಷ್ಟೇ ತರುವುದಿಲ್ಲ, ಹೂಳನ್ನೂ ತರುತ್ತದೆ. ಹೂಳು ತುಂಬಿದಂತೆ ನೀರಿಗೆ ಸ್ಥಳ ಕಡಿಮೆಯಾಗಿ, ಈಚಿನ ಲೆಕ್ಕಗಳಲ್ಲಿ ಅದೇ ಜಲಾಶಯದ ಸಾಮರ್ಥ್ಯವನ್ನು 105.788 ಟಿ.ಎಂ.ಸಿ. ಎಂದು ಹಿಡಿಯಲಾಗಿದೆ. ಇದರ ಪರಿಣಾಮವನ್ನು ನೋಡಿರಿ. ಜಲಾಶಯವು 1633 ಅಡಿಯ ಪೂರ್ಣಮಟ್ಟಕ್ಕೆ ತುಂಬಿ, ಬಾಗಿಲುಗಳನ್ನು ಎತ್ತಲೇಬೇಕಾದ ದಿನದಂದು ಹಳೆಯ ಅಂಕೆಯ ಕ್ರಮವಿಧಿಯು 105.788ನ್ನು 133ರಿಂದ ಭಾಗಿಸಿ, ಶೇಕಡಾ 80 ಮಾತ್ರ ತುಂಬಿದೆ ಎಂದು ಸಾರುತ್ತದೆ. ಓದಿದವನು ಇನ್ನೂ ಐದರಲ್ಲಿ ಒಂದು ಪಾಲು ಖಾಲಿ ಇದೆಯೆಂದು ನಿಶ್ಚಿಂತನಾಗುತ್ತಾನೆ.

ಬದಲಾದುದು ಈ ಒಂದೇ ಅಂಕೆಯಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಬಾಗಿಲುಗಳ ಸ್ಥಿತಿಯನ್ನು ಗಮನಿಸಿ 2025ರಲ್ಲಿ ಸಂಗ್ರಹವನ್ನು 80 ಟಿ.ಎಂ.ಸಿ.ಗೆ ಮಿತಗೊಳಿಸಲಾಯಿತು. ಹೆಸರುಗಳೂ ಸ್ಥಿರವಾಗಿ ನಿಂತಿಲ್ಲ. ಹಾಸ್ಪೆಟ್ ಎಂಬ ಇಂಗ್ಲಿಷ್ ರೂಪವು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಹೊಸಪೇಟೆಯಾಯಿತು. 2021ರಲ್ಲಿ ಬಳ್ಳಾರಿ ಜಿಲ್ಲೆಯಿಂದ ವಿಜಯನಗರ ಜಿಲ್ಲೆಯು ಬೇರ್ಪಟ್ಟಾಗ ಹೊಸಪೇಟೆಯೂ ಹಂಪಿಯೂ ಹೊಸ ಜಿಲ್ಲೆಗೆ ಸೇರಿದುವು. ನೆರೆಯ ಸಂಡೂರು ಮತ್ತು ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದುವು. ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ ಮನೆಗಳನ್ನು 2011ರ ಜುಲೈ ತಿಂಗಳಿನಲ್ಲಿ ತೆರವು ಮಾಡಿದಾಗ ಅನೇಕ ವಿಳಾಸಗಳು ಒಂದೇ ದಿನದಲ್ಲಿ ಇಲ್ಲವಾದುವು. ಈ ಅವಧಿಯಲ್ಲಿ ಶೇಕಡಾವಾರು ಲೆಕ್ಕ ಹಾಕುವ ವಿಧಾನವು ಒಮ್ಮೆಯೂ ಬದಲಾಗಲಿಲ್ಲ ಎಂಬುದನ್ನು ಗಮನಿಸತಕ್ಕದ್ದು. ವಿಧಾನವನ್ನೂ ಅಂಕೆಯನ್ನೂ ಒಂದೇ ಕಡೆ ಬೆರೆಸಿದ್ದರೆ ಪ್ರತಿಯೊಂದು ಬದಲಾವಣೆಗೂ ಕ್ರಮವಿಧಿಯನ್ನೇ ಬಿಚ್ಚಿ, ಹತ್ತಾರು ಕಡೆ ಹುಡುಕಿ ತಿದ್ದಬೇಕಾಗುತ್ತದೆ. ಒಂದು ಕಡೆ ಮರೆತರೂ ಪುಟವು ತನ್ನೊಳಗೇ ವಿರೋಧವಾಗಿ ಮಾತನಾಡತೊಡಗುತ್ತದೆ.

ಪಟ್ಟಿಯ ರೂಪ

ಹಾಗಾದರೆ ಬದಲಾಗುವ ಅಂಶಗಳನ್ನು ಒಂದು ಕಡತದಲ್ಲಿ ಬೇರೆ ಬರೆದಿಡೋಣ. ಸಾಲಿಗೆ ಒಂದು ವಿಷಯ. ಎಡಗಡೆ ಹೆಸರು, ನಡುವೆ ಸಮಚಿಹ್ನೆ, ಬಲಗಡೆ ಬೆಲೆ.

# ನದಿ ಪುಟದ ಸಂರಚನೆ
ಸ್ಥಳ = ಹಂಪಿ ಬಜಾರ್
ಜಿಲ್ಲೆ = ವಿಜಯನಗರ
ಪೂರ್ಣಮಟ್ಟ = 1633 ಅಡಿ
ಸಾಮರ್ಥ್ಯ = 105.788 ಟಿಎಂಸಿ
ಎಚ್ಚರಿಕೆಯ ಹರಿವು = 100000 ಕ್ಯೂಸೆಕ್
ಹರಿಗೋಲು ಸಂಚಾರ = ಇಲ್ಲ

ಎಚ್ಚರಿಕೆಯ ಹರಿವಿನ ಅಂಕೆಯನ್ನು ಇಲ್ಲಿ ಪಾಠಕ್ಕಾಗಿ ಮಾತ್ರ ಕೊಟ್ಟಿದೆ. ‘#’ ಗುರುತಿನಿಂದ ತೊಡಗುವ ಸಾಲು ಮನುಷ್ಯರಿಗಾಗಿ ಬರೆದ ಟಿಪ್ಪಣಿ. ಲೋಡರು ಅದನ್ನು ಬಿಟ್ಟು ಮುಂದೆ ಸಾಗುತ್ತದೆ. ಪ್ರತಿಯೊಂದು ಅಂಕೆಯ ಮೇಲೆ ಅದು ಎಲ್ಲಿಂದ ಬಂತು, ಯಾವ ದಿನ ಬರೆದದ್ದು ಎಂದು ಟಿಪ್ಪಣಿ ಹಾಕುವುದು ಒಳ್ಳೆಯ ಅಭ್ಯಾಸ.

ಇಂದು ಈ ಗಂಟೆಯಲ್ಲಿ ಹರಿಯುತ್ತಿರುವ ನೀರಿನ ಪ್ರಮಾಣವು ಈ ಪಟ್ಟಿಯಲ್ಲಿ ಇಲ್ಲದಿರುವುದನ್ನು ವಾಚಕರು ಗಮನಿಸಿರಬಹುದು. ಅದು ವೀಕ್ಷಣೆಯ ಫಲ, ಗಂಟೆಗಂಟೆಗೂ ಬರುವ ದತ್ತಾಂಶ, ಸಂರಚನೆಯಲ್ಲ. ಹಾಗೆಯೇ ಭಾಗಿಸಿ ನೂರರಿಂದ ಗುಣಿಸುವ ವಿಧಾನವೂ ಪಟ್ಟಿಗೆ ಸೇರುವುದಿಲ್ಲ. ಉತ್ಸಾಹದಿಂದ ಎಲ್ಲವನ್ನೂ ಹೊರಗೆ ಎಳೆದು ಹಾಕಿದರೆ ಕಡತವೇ ಎರಡನೆಯ ಕ್ರಮವಿಧಿಯಾಗಿ, ತಿದ್ದುವವನಿಗೆ ಮೊದಲಿನದಕ್ಕಿಂತ ಹೆಚ್ಚಿನ ತೊಡಕಾಗುತ್ತದೆ.

ಬೆಲೆಗಳು ಮೂರು ಕಡೆಗಳಿಂದ ಬರಬಹುದು. ಯಾರೂ ಏನನ್ನೂ ಹೇಳದಿದ್ದಾಗ ಬಳಸಬೇಕಾದ ಮೂಲ ಬೆಲೆಗಳು ಕ್ರಮವಿಧಿಯ ಜೊತೆಯಲ್ಲಿಯೇ ಇರುತ್ತವೆ; ಅವುಗಳ ಮೇಲೆ ಕಡತದ ಬೆಲೆಗಳು; ಅವುಗಳ ಮೇಲೆ, ಆಯಾ ಗಣಕವು ಕ್ರಮವಿಧಿಯನ್ನು ಪ್ರಾರಂಭಿಸುವಾಗ ಒದಗಿಸುವ ಪರಿಸರ ಚಲಕಗಳು. ಒಂದರ ಮೇಲೊಂದು ಪಾರದರ್ಶಕ ಹಾಳೆಗಳನ್ನು ಹಾಸಿದಂತೆ, ಮೇಲಿನ ಹಾಳೆಯಲ್ಲಿ ಬರೆದದ್ದಿದ್ದರೆ ಅದೇ ಕಾಣುತ್ತದೆ, ಇಲ್ಲದಿದ್ದರೆ ಕೆಳಗಿನದು. ಈ ಕ್ರಮವನ್ನು ಒಮ್ಮೆ ನಿಶ್ಚಯಿಸಿ ಬರೆದಿಟ್ಟು, ಮತ್ತೆ ಬದಲಿಸಬಾರದು. ಆದರೆ ಜಲಾಶಯದ ಸಾಮರ್ಥ್ಯದಂಥ ಅಂಶಕ್ಕೆ ಮೂಲ ಬೆಲೆಯನ್ನು ಕೊಡದಿರುವುದೇ ಲೇಸು. ಅದು ಕಡತದಲ್ಲಿ ಇಲ್ಲದಿದ್ದರೆ ಲೋಡರು ಕೇಳಬೇಕೇ ಹೊರತು ಹಳೆಯ 133ನ್ನು ಮೌನವಾಗಿ ತಂದಿಡಬಾರದು.

ಕನ್ನಡದಲ್ಲಿ ಬರೆದಾಗ

ಇಂಥ ಕಡತಗಳಿಗೆ ಜೇಸನ್, ಯಾಮಲ್, ಟಾಮಲ್ ಎಂಬ ಸಿದ್ಧ ರೂಪಗಳು ಜಗತ್ತಿನಲ್ಲೆಲ್ಲ ಬಳಕೆಯಲ್ಲಿವೆ. ಅವುಗಳನ್ನು ಓದುವ ಸಾಧನಗಳೂ ಸಿದ್ಧವಾಗಿ ದೊರೆಯುತ್ತವೆ. ಹೀಗಿರುವಲ್ಲಿ ಸ್ವಂತ ಲೋಡರನ್ನು ಬರೆಯುವ ಶ್ರಮವೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಸಿದ್ಧ ಸಾಧನವು ಅಕ್ಷರಗಳನ್ನು ಬಿಡಿಸಿ ಕೊಡುತ್ತದೆ. ಬರೆದದ್ದು ನಮ್ಮ ಕೆಲಸಕ್ಕೆ ಅರ್ಥವತ್ತಾಗಿದೆಯೇ ಎಂದು ವಿಚಾರಿಸುವುದು ಅದರ ಹೊಣೆಯಲ್ಲ. ಆ ವಿಚಾರಣೆಯೇ ನಮ್ಮ ಲೋಡರಿನ ನಿಜವಾದ ಕಾರ್ಯ. ಕನ್ನಡದಲ್ಲಿ ಬರೆದ ಪಟ್ಟಿಯನ್ನು ತೆಗೆದುಕೊಂಡರೆ ಇದರ ಅಗತ್ಯವು ಚೆನ್ನಾಗಿ ತಿಳಿಯುತ್ತದೆ.

ಮೊದಲನೆಯದು ಅಂಕಿಗಳ ವಿಷಯ. ಕಚೇರಿಯ ಗುಮಾಸ್ತನೊಬ್ಬನು ಎಚ್ಚರಿಕೆಯ ಹರಿವನ್ನು ಕನ್ನಡದ ಅಂಕಿಗಳಲ್ಲಿ ೧೦೦೦೦೦ ಎಂದು ಬರೆದನೆನ್ನೋಣ. ಅವನದು ತಪ್ಪಲ್ಲ. ಪೈಥಾನ್ ಭಾಷೆಯು ಇದನ್ನು ಒಂದು ಲಕ್ಷವೆಂದೇ ಓದುತ್ತದೆ. ಜೇಸನ್ ರೂಪದ ನಿಯಮವು ಇದನ್ನು ಸಂಖ್ಯೆಯೆಂದು ಒಪ್ಪದೆ ದೋಷವೆನ್ನುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯಾದರೋ ಈ ಬರಹವನ್ನು ಸಂಖ್ಯೆಗೆ ಪರಿವರ್ತಿಸಲು ಹೇಳಿದಾಗ ದೋಷವೆನ್ನದೆ, ‘ಸಂಖ್ಯೆಯಲ್ಲ’ ಎಂಬ ಒಂದು ವಿಶೇಷ ಬೆಲೆಯನ್ನು ಮೆಲ್ಲಗೆ ಕೊಟ್ಟುಬಿಡುತ್ತದೆ. ಆ ಬೆಲೆಗಿಂತ ಯಾವ ಸಂಖ್ಯೆಯೂ ದೊಡ್ಡದಲ್ಲ, ಚಿಕ್ಕದೂ ಅಲ್ಲ. ಆದುದರಿಂದ ‘ಹರಿವು ಮಿತಿಗಿಂತ ಹೆಚ್ಚೇ?’ ಎಂಬ ಪ್ರಶ್ನೆಗೆ ನದಿಯು ಎಷ್ಟೇ ಉಕ್ಕಿದರೂ ‘ಅಲ್ಲ’ ಎಂಬುದೇ ಉತ್ತರ. ಪುಟವು ಸರಿಯಾಗಿ ನಡೆಯುತ್ತಿರುವಂತೆ ತೋರುತ್ತದೆ, ಎಚ್ಚರಿಕೆ ಮಾತ್ರ ಎಂದಿಗೂ ಬರುವುದಿಲ್ಲ. ಪರಿಹಾರವು ಸುಲಭ: ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ೦ಯಿಂದ ೯ರವರೆಗಿನ ಅಂಕಿಗಳು ಸಾಲಾಗಿ ನಿಂತಿವೆ, ಲೋಡರು ಪ್ರತಿಯೊಂದನ್ನೂ ಅದಕ್ಕೆ ಸಮನಾದ 0ಯಿಂದ 9ರ ಅಂಕಿಗೆ ಬದಲಿಸಿಕೊಂಡು, ಅನಂತರ ಪರಿವರ್ತಿಸಬೇಕು. ಪರಿವರ್ತನೆಯ ಫಲವು ನಿಜವಾದ ಸಂಖ್ಯೆಯೇ ಎಂದು ಮತ್ತೊಮ್ಮೆ ಕೇಳಬೇಕು.

ಎರಡನೆಯದು ಹೆಸರುಗಳ ವಿಷಯ. ‘ಹೊಸಪೇಟೆ’ ಎಂಬ ಪದವನ್ನು ತೆಗೆದುಕೊಳ್ಳಿರಿ. ‘ಹೊ’ ಎಂಬಲ್ಲಿನ ಒಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ‘ಪೇ’ ಎಂಬಲ್ಲಿನ ಏಕಾರವನ್ನೂ ಹಾಗೆಯೇ ಒಂದು ಸಂಕೇತವಾಗಿ, ಇಲ್ಲವೆ ಎಕಾರ ಮತ್ತು ದೀರ್ಘದ ಗುರುತುಗಳ ಜೋಡಿಯಾಗಿ ಬರೆಯಬಹುದು. ಕಣ್ಣಿಗೆ ಇವು ಒಂದೇ. ಸಂಕೇತಗಳನ್ನು ಒಂದೊಂದಾಗಿ ಹೋಲಿಸುವ ಗಣಕಕ್ಕೆ ಬೇರೆ ಬೇರೆ. ಹೀಗಾಗಿ ಕಡತದಲ್ಲಿ ಹೊಸಪೇಟೆ ಇದ್ದರೂ ‘ಹೊಸಪೇಟೆ ಎಂಬ ಊರು ಇಲ್ಲ’ ಎಂಬ ವಿಚಿತ್ರವಾದ ಉತ್ತರ ಬರಬಹುದು. ಓದುವಾಗಲೇ ಎಲ್ಲ ಬರಹವನ್ನೂ ಯೂನಿಕೋಡ್ ವಿಧಿಸಿರುವ ಒಂದೇ ಸಾಮಾನ್ಯ ರೂಪಕ್ಕೆ ತಂದುಕೊಳ್ಳುವುದು ಇದಕ್ಕೆ ಉಪಾಯ. ಪೈಥಾನ್, ಜಾವಾಸ್ಕ್ರಿಪ್ಟ್ ಮುಂತಾದ ಭಾಷೆಗಳಲ್ಲಿ ಇದಕ್ಕೆ ಸಾಧನವು ಸಿದ್ಧವಾಗಿದೆ. ಕರೆಯುವುದನ್ನು ಮರೆಯದಿದ್ದರೆ ಸಾಕು.

ಮೂರನೆಯದು ಹೌದು–ಅಲ್ಲಗಳ ವಿಷಯ. ಹರಿಗೋಲು ಸಂಚಾರದ ಮುಂದೆ ‘ಇಲ್ಲ’ ಎಂದು ಬರೆದಿದೆಯಷ್ಟೆ. ಅನೇಕ ಭಾಷೆಗಳಲ್ಲಿ ಅಕ್ಷರಗಳಿರುವ ಯಾವ ಬರಹವನ್ನಾದರೂ ಸತ್ಯವೆಂದೂ ಖಾಲಿ ಬರಹವನ್ನು ಮಾತ್ರ ಅಸತ್ಯವೆಂದೂ ಎಣಿಸುತ್ತಾರೆ. ‘ಇಲ್ಲ’ ಎಂಬುದರಲ್ಲಿ ಅಕ್ಷರಗಳಿವೆ; ಆದುದರಿಂದ ಅದು ‘ಹೌದು’! ಉಕ್ಕುವ ನದಿಯಲ್ಲಿ ಹರಿಗೋಲು ಹೋಗುತ್ತದೆಂದು ಪುಟವು ಸಾರುತ್ತದೆ. ಇದಕ್ಕೆ ತಿರುಗಿದ ಪ್ರಮಾದವೂ ಪ್ರಸಿದ್ಧವಾಗಿದೆ. ಯಾಮಲ್ ರೂಪದ ಹಳೆಯ ನಿಯಮದ ಪ್ರಕಾರ ಇಂಗ್ಲಿಷಿನ ‘ನೋ’ ಎಂಬ ಎರಡಕ್ಷರದ ಪದವು ಅಸತ್ಯವೆಂಬ ಬೆಲೆಗೆ ಸಮ. ನಾರ್ವೆ ದೇಶದ ಅಂತರರಾಷ್ಟ್ರೀಯ ಸಂಕೇತವೂ ಅದೇ ಎರಡು ಅಕ್ಷರ. ದೇಶಗಳ ಪಟ್ಟಿಯಲ್ಲಿ ನಾರ್ವೆಯನ್ನು ಬರೆದವರಿಗೆ ಅದರ ಸ್ಥಳದಲ್ಲಿ ‘ಅಸತ್ಯ’ವು ದೊರೆತು, ಅದು ‘ನಾರ್ವೆ ಸಮಸ್ಯೆ’ ಎಂಬ ಹೆಸರನ್ನೇ ಪಡೆಯಿತು. ನಮ್ಮ ಲೋಡರು ‘ಹೌದು’, ‘ಇಲ್ಲ’ ಎಂಬ ಎರಡೇ ಪದಗಳನ್ನು ಒಪ್ಪಲಿ. ಮೂರನೆಯ ಪದ ಯಾವುದು ಬಂದರೂ ಊಹಿಸದೆ ನಿರಾಕರಿಸಲಿ.

ಮಾನಗಳ ಮಹತ್ವ

ಭೌತಶಾಸ್ತ್ರದ ವಿದ್ಯಾರ್ಥಿಗೆ ಮೊದಲು ಕಲಿಸುವ ಪಾಠವೆಂದರೆ ಮಾನವಿಲ್ಲದ ಅಳತೆಯು ಅಳತೆಯಲ್ಲವೆಂಬುದು. ಆದರೂ ಸಂರಚನಾ ಕಡತಗಳಲ್ಲಿ ಬರಿಯ ಅಂಕೆಗಳನ್ನು ಬರೆಯುವ ರೂಢಿ ಬಹಳವಾಗಿದೆ. ನೀರಿನ ಹರಿವನ್ನು ನಮ್ಮಲ್ಲಿ ಕ್ಯೂಸೆಕ್, ಎಂದರೆ ಸೆಕೆಂಡಿಗೆ ಘನ ಅಡಿ, ಎಂಬ ಮಾನದಲ್ಲಿಯೂ ಕ್ಯೂಮೆಕ್, ಎಂದರೆ ಸೆಕೆಂಡಿಗೆ ಘನ ಮೀಟರ್, ಎಂಬ ಮಾನದಲ್ಲಿಯೂ ಹೇಳುವುದುಂಟು. ಒಂದು ಕ್ಯೂಮೆಕ್ ಸುಮಾರು 35.3 ಕ್ಯೂಸೆಕ್‌ಗಳಿಗೆ ಸಮ. 100000 ಎಂಬ ಅಂಕೆಯನ್ನು ಕ್ಯೂಸೆಕ್ ಎಂದು ಒಬ್ಬನು ಬರೆದು, ಕ್ಯೂಮೆಕ್ ಎಂದು ಕ್ರಮವಿಧಿಯು ಓದಿದರೆ ಎಚ್ಚರಿಕೆಯ ಮಿತಿಯು 35 ಲಕ್ಷ ಕ್ಯೂಸೆಕ್ ದಾಟುತ್ತದೆ. ಅಣೆಕಟ್ಟಿನ ಬಾಗಿಲುಗಳನ್ನೆಲ್ಲ ಎತ್ತಿದರೂ ಅಷ್ಟು ನೀರು ಹೊರಬರಲಾರದು. ಅದಲುಬದಲಾಗಿ, 2832 ಕ್ಯೂಮೆಕ್ ಎಂದು ಬರೆದದ್ದನ್ನು ಕ್ಯೂಸೆಕ್ ಎಂದು ಓದಿದರೆ ಅಲ್ಪ ಹರಿವಿಗೂ ಎಚ್ಚರಿಕೆ ಮೊಳಗಿ, ಕೆಲವೇ ದಿನಗಳಲ್ಲಿ ಜನರು ಅದನ್ನು ಲಕ್ಷಿಸುವುದನ್ನೇ ಬಿಟ್ಟುಬಿಡುತ್ತಾರೆ.

ಇದು ಕೇವಲ ಕಲ್ಪನೆಯ ಭಯವಲ್ಲ. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯು ಮಂಗಳ ಗ್ರಹವನ್ನು ತಲುಪಿ ನಾಶವಾಯಿತು. ಭೂಮಿಯ ಮೇಲಿನ ಒಂದು ಕ್ರಮವಿಧಿಯು ಆವೇಗವನ್ನು ಪೌಂಡ್ ಬಲದ ಮಾನದಲ್ಲಿ ಕೊಡುತ್ತಿತ್ತು, ಅದನ್ನು ಬಳಸುವ ಇನ್ನೊಂದು ನ್ಯೂಟನ್ ಮಾನದಲ್ಲಿದೆಯೆಂದು ನಂಬಿತ್ತು. ಎರಡಕ್ಕೂ ಸುಮಾರು ನಾಲ್ಕೂವರೆ ಪಟ್ಟಿನ ಅಂತರ. ಎರಡು ಕಡೆಯ ಗಣಿತವೂ ತನ್ನ ಮಟ್ಟಿಗೆ ಸರಿಯಾಗಿಯೇ ಇತ್ತು. ನಡುವಿನ ಬಾಗಿಲಿನಲ್ಲಿ ನಿಂತು ‘ಇದು ಯಾವ ಮಾನ?’ ಎಂದು ಕೇಳುವವರಿರಲಿಲ್ಲ.

ಆದುದರಿಂದ ನಮ್ಮ ಪಟ್ಟಿಯಲ್ಲಿ ಅಂಕೆಯ ಮುಂದೆ ಮಾನವನ್ನು ಬರೆಯುವುದು ಕಡ್ಡಾಯ. ಲೋಡರು ಅಂಕೆಯನ್ನೂ ಮಾನವನ್ನೂ ಬೇರ್ಪಡಿಸಿ, ತಾನು ಬಲ್ಲ ಮಾನವಾದರೆ ಒಳಗಿನ ಒಂದೇ ಮಾನಕ್ಕೆ ಪರಿವರ್ತಿಸಬೇಕು: 1633 ಅಡಿಯನ್ನು 0.3048ರಿಂದ ಗುಣಿಸಿ 497.74 ಮೀಟರ್ ಎಂದು ಇಟ್ಟುಕೊಳ್ಳಬೇಕು. ಮಾನವಿಲ್ಲದಿದ್ದರೆ, ಅಥವಾ ಅಪರಿಚಿತವಾಗಿದ್ದರೆ, ನಿರಾಕರಿಸಬೇಕು.

ನಿಲ್ಲಬೇಕಾದಾಗ ನಿಲ್ಲುವುದು

ಒಂದೊಂದು ಬೆಲೆಯೂ ಪ್ರತ್ಯೇಕವಾಗಿ ಸರಿಯಿದ್ದು, ಒಟ್ಟಿನಲ್ಲಿ ಅಸಂಗತವಾಗಿರಬಹುದು. ಎಚ್ಚರಿಕೆಯ ಮಟ್ಟವು ಪೂರ್ಣಮಟ್ಟಕ್ಕಿಂತ ಮೇಲಿರಲಾಗದು. ಸಾಮರ್ಥ್ಯವು ಸೊನ್ನೆಯಾಗಿರಲಾಗದು, ಏಕೆಂದರೆ ಅದರಿಂದ ಭಾಗಿಸಬೇಕಾಗಿದೆ. ಇಂಥ ಪರಸ್ಪರ ಸಂಬಂಧಗಳನ್ನು ಲೋಡರು ಕೊನೆಯಲ್ಲಿ ಪರೀಕ್ಷಿಸತಕ್ಕದ್ದು. ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬಂದಿದ್ದರೆ, ಅಥವಾ ಲೋಡರಿಗೆ ಗೊತ್ತಿಲ್ಲದ ಹೆಸರಿದ್ದರೆ, ಅದನ್ನೂ ದೋಷವೆಂದೇ ಎಣಿಸಬೇಕು. ‘ಸಾಮರ್ಥ್ಯ’ವು ‘ಸಾಮಥ್ರ್ಯ’ವಾಗಿ ಬೆರಳು ತಪ್ಪಿದ್ದು ಹೀಗೆಯೇ ಪತ್ತೆಯಾಗುವುದು.

ದೋಷ ಕಂಡಾಗ ಏನು ಮಾಡಬೇಕು? ಮೊದಲನೆಯದನ್ನು ಕಂಡೊಡನೆ ನಿಲ್ಲದೆ, ಪಟ್ಟಿಯನ್ನು ಕೊನೆಯವರೆಗೆ ಓದಿ, ಎಲ್ಲ ದೋಷಗಳನ್ನೂ ಸಾಲಿನ ಸಂಖ್ಯೆಯೊಡನೆ ಒಟ್ಟಿಗೆ ತಿಳಿಸಬೇಕು. ‘ದೋಷವಿದೆ’ ಎಂದಷ್ಟೇ ಹೇಳುವುದರಿಂದ ಉಪಯೋಗವಿಲ್ಲ, ‘6ನೆಯ ಸಾಲು: ಎಚ್ಚರಿಕೆಯ ಹರಿವಿಗೆ ಮಾನ ಬರೆದಿಲ್ಲ, ಕ್ಯೂಸೆಕ್ ಅಥವಾ ಕ್ಯೂಮೆಕ್ ಎಂದು ಬರೆಯಿರಿ’ ಎಂದು ಹೇಳಿದರೆ ಗಣಕವನ್ನು ಅರಿಯದವನೂ ತಿದ್ದಬಲ್ಲನು. ಹೀಗೆ ತಿಳಿಸಿದ ಬಳಿಕ ಅನ್ವಯವು ಪ್ರಾರಂಭವಾಗದೆ ನಿಲ್ಲಬೇಕು. ಪುಟವು ತೆರೆಯದಿದ್ದರೆ ಓದುಗನು ಬೇರೆಯವರನ್ನು ಕೇಳಿ ತಿಳಿದುಕೊಳ್ಳುತ್ತಾನೆ; ತಪ್ಪು ಅಂಕೆಯೊಡನೆ ತೆರೆದರೆ ಅದನ್ನೇ ನಂಬುತ್ತಾನೆ. ಮೊದಲನೆಯದು ಅನನುಕೂಲ, ಎರಡನೆಯದು ಅಪಾಯ.

ನಡೆಯುತ್ತಿರುವ ಅನ್ವಯದಲ್ಲಿ ಪಟ್ಟಿಯನ್ನು ಬದಲಿಸುವಾಗ ನಿಯಮವು ಸ್ವಲ್ಪ ಬೇರೆ. ಹಳೆಯ ಪಟ್ಟಿಯನ್ನು ಸಾಲುಸಾಲಾಗಿ ತಿದ್ದುತ್ತ ಹೋಗಬಾರದು. ಆ ನಡುವೆ ಬಂದ ಓದುಗನಿಗೆ ಅರ್ಧ ಹಳೆಯ, ಅರ್ಧ ಹೊಸ ಬೆಲೆಗಳು ದೊರೆಯುತ್ತವೆ. ಹೊಸ ಪಟ್ಟಿಯನ್ನು ಪಕ್ಕದಲ್ಲಿ ಪೂರ್ತಿಯಾಗಿ ಕಟ್ಟಿ, ಎಲ್ಲ ಪರೀಕ್ಷೆಗಳನ್ನೂ ಮುಗಿಸಿ, ಅನಂತರ ಒಂದೇ ಹೆಜ್ಜೆಯಲ್ಲಿ ಹಳೆಯದರ ಸ್ಥಾನದಲ್ಲಿ ಇಡಬೇಕು. ಪರೀಕ್ಷೆಯಲ್ಲಿ ಸೋತರೆ ಹಳೆಯದೇ ಮುಂದುವರಿಯಲಿ. ಅದು ಯಾವ ದಿನದ ಪಟ್ಟಿಯೆಂಬುದು ಪುಟದ ಮೇಲೆಯೇ ಕಾಣಲಿ. ಒಮ್ಮೆ ಒಪ್ಪಿಸಿದ ಬೆಲೆಗಳನ್ನು ಕ್ರಮವಿಧಿಯ ಇತರ ಭಾಗಗಳು ಓದಬಹುದೇ ಹೊರತು ತಿದ್ದಕೂಡದು.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ದತ್ತಸಂಚಯದ ಗುಪ್ತಪದದಂಥ ರಹಸ್ಯಗಳನ್ನು ಎಲ್ಲರ ಕೈಗೂ ಹೋಗುವ ಈ ಕಡತದಲ್ಲಿ ಬರೆಯಬಾರದು. ಅವನ್ನು ಪರಿಸರ ಚಲಕಗಳ ಮೂಲಕ, ಅಥವಾ ಬೀಗವಿರುವ ಬೇರೆ ಸ್ಥಳದಿಂದ ಒದಗಿಸತಕ್ಕದ್ದು. ಲೋಡರು ತಾನು ಓದಿದ ಬೆಲೆಗಳನ್ನು ದಿನಚರಿಯಲ್ಲಿ ಬರೆಯುವಾಗ ರಹಸ್ಯಗಳ ಸ್ಥಳದಲ್ಲಿ ಚುಕ್ಕೆಗಳನ್ನು ಮಾತ್ರ ಇಡಬೇಕು.

ಸ್ವತಃ ಮಾಡಿ ನೋಡುವುದು

ಆಸಕ್ತರಾದ ವಿದ್ಯಾರ್ಥಿಗಳು ತಮಗೆ ಪರಿಚಿತವಾದ ಯಾವ ಭಾಷೆಯಲ್ಲಾದರೂ ಇಂಥ ಲೋಡರನ್ನು ಬರೆಯಬಹುದು. ನೂರು ಸಾಲುಗಳಿಗೆ ಹೆಚ್ಚು ಬೇಕಾಗದು. ಕೆಲಸದ ಕ್ರಮವು ಇಷ್ಟು: ಕಡತವನ್ನು ಓದುವುದು, ಬರಹವನ್ನು ಸಾಮಾನ್ಯ ರೂಪಕ್ಕೆ ತರುವುದು, ಸಾಲುಗಳನ್ನು ಬಿಡಿಸುವುದು, ಮೂರು ಕಡೆಗಳ ಬೆಲೆಗಳನ್ನು ಕ್ರಮವಾಗಿ ಹಾಸುವುದು, ಅಂಕೆ, ಮಾನ, ಹೌದು–ಇಲ್ಲಗಳನ್ನು ಪರಿವರ್ತಿಸುವುದು, ಪರಸ್ಪರ ಸಂಬಂಧಗಳನ್ನು ಪರೀಕ್ಷಿಸುವುದು, ಮುದ್ರೆಯೊತ್ತಿ ಒಪ್ಪಿಸುವುದು. ಬರೆದಾದ ಮೇಲೆ ಸರಿಯಾದ ಒಂದು ಕಡತದಿಂದ ತೃಪ್ತರಾಗದೆ, ಬೇಕೆಂದೇ ಕೆಡಿಸಿದ ಕಡತಗಳನ್ನು ಅದರ ಮುಂದಿಡಿರಿ: ಒಂದರಲ್ಲಿ ಕನ್ನಡದ ಅಂಕಿಗಳು, ಒಂದರಲ್ಲಿ ಜೋಡಿ ಸಂಕೇತಗಳಿಂದ ಬರೆದ ಹೊಸಪೇಟೆ, ಒಂದರಲ್ಲಿ ಮಾನವಿಲ್ಲದ ಹರಿವು, ಒಂದರಲ್ಲಿ ‘ಇಲ್ಲ’ ಎಂಬುದರ ಬದಲು ‘ಬೇಡ’, ಒಂದರಲ್ಲಿ ಸೊನ್ನೆ ಸಾಮರ್ಥ್ಯ. ಮೊದಲೆರಡನ್ನು ಲೋಡರು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಉಳಿದ ಮೂರನ್ನು ಕಾರಣಸಹಿತವಾಗಿ ಹಿಂದಿರುಗಿಸಬೇಕು. ಈ ಎರಡು ಬಗೆಗಳ ವ್ಯತ್ಯಾಸವನ್ನು ಅರಿತರೆ ಪಾಠದ ತಿರುಳು ಕೈಸೇರಿದಂತೆ. ಅರ್ಥವು ನಿಸ್ಸಂದೇಹವಾಗಿದ್ದು ಬರಹದ ರೂಪ ಮಾತ್ರ ಬೇರೆಯಾಗಿದ್ದಲ್ಲಿ ಉದಾರವಾಗಿರಬೇಕು. ಅರ್ಥವೇ ಸಂದಿಗ್ಧವಾದಲ್ಲಿ ಕಠಿಣವಾಗಿರಬೇಕು.

ಊರುಗಳ ಹೆಸರು ಬದಲಾಗುತ್ತದೆ, ಜಿಲ್ಲೆಗಳ ಗಡಿ ಬದಲಾಗುತ್ತದೆ, ನೀರಿನ ಅಡಿಯಲ್ಲಿ ಕಾಣದಂತೆ ಹೂಳು ಸೇರಿ ಜಲಾಶಯದ ಹೊಟ್ಟೆಯೂ ಕಿರಿದಾಗುತ್ತದೆ. ಇವುಗಳನ್ನು ತಡೆಯುವುದು ಕ್ರಮವಿಧಿಯನ್ನು ಬರೆಯುವವನ ಕೈಯಲ್ಲಿಲ್ಲ. ಬದಲಾವಣೆಯನ್ನು ಒಂದೇ ಸ್ಥಳದಲ್ಲಿ, ಸಾಮಾನ್ಯನೂ ಓದಬಲ್ಲ ಭಾಷೆಯಲ್ಲಿ ಬರೆಯುವಂತೆ ಏರ್ಪಡಿಸುವುದೂ, ಬರೆದದ್ದು ಒಳಗೆ ಬರುವ ಮುನ್ನ ಪ್ರಶ್ನಿಸುವ ಒಬ್ಬ ಕಾವಲುಗಾರನನ್ನು ಬಾಗಿಲಿನಲ್ಲಿ ನಿಲ್ಲಿಸುವುದೂ ಅವನ ಕೈಯಲ್ಲಿದೆ.